ಮಟಮಟ ಮಧ್ಯಾಹ್ನದ ಹಂದಿ

ನನಗೊಂದು ಚಟವಿದೆ. ಮನೆಗೆ ಹೊಸ ಚಪ್ಪಲಿ ಬರಲಿ, ಕೈಚೀಲ ಬರಲಿ, ಮಾತ್ರೆಯ ಶೀಶೆ ಬರಲಿ, ಮೊದಲು ಒಳಗೆ ಕೈ ಹಾಕಿ ಆ ಪುಟ್ಟ ಬಿಳಿ ಪೊಟ್ಟಣ ಸಿಗುತ್ತದೆಯೇ ಎಂದು ತಡಕಾಡುತ್ತೇನೆ. ‘ತಿನ್ನಬೇಡಿ’ ಎಂದು ನಾಲ್ಕಾರು ಭಾಷೆಗಳಲ್ಲಿ ಬರೆದಿರುತ್ತದಲ್ಲ, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣ, ಅದೇ. ಚಪ್ಪಲಿ ಕಾಲಿಗೆ ಸರಿಹೋಗುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು. ಸಿಕ್ಕಿದ್ದನ್ನೆಲ್ಲ ಒಂದು ಬಾಟಲಿಯಲ್ಲಿ ಕೂಡಿಟ್ಟು, ಪಾಸ್‌ಪೋರ್ಟಿನ ಫೈಲಿಗೊಂದು, ಮದುವೆಯ ಆಲ್ಬಮ್ಮಿಗೆರಡು, ಗಂಡನ ಕ್ಯಾಮೆರಾ ಚೀಲಕ್ಕೆ ಮೂರು ಎಂದು ಹಂಚುತ್ತೇನೆ. ನಾವಿರುವ ಅಲ್ ವಕ್ರಾ ಕತಾರಿನಲ್ಲಿ ಸಮುದ್ರದ ಪಕ್ಕದ ಊರು. ಸೆಪ್ಟೆಂಬರಿನಲ್ಲಿ ಬಾಲ್ಕನಿಯ ಬಾಗಿಲು ತೆರೆದರೆ ಸಾಕು, ಕನ್ನಡಕ ಮಂಜಾಗುತ್ತದೆ. ಹಾಗಾಗಿ ಚಟಕ್ಕೊಂದು ನೆಪವೂ ಸಿಕ್ಕಿದೆ.

ಮೊನ್ನೆ ಮಗಳು ಆ ಬಾಟಲಿಯನ್ನೆತ್ತಿ ಗಲಗಲ ಅಲ್ಲಾಡಿಸಿ, “ಮಮ್ಮಿ, ಬೇರೆಯವರ ಮಮ್ಮಿ ಗೋಲ್ಡ್ ಕಲೆಕ್ಟ್ ಮಾಡ್ತಾರೆ. ನೀವು ಮಾತ್ರ ಇದನ್ನು. ಎಂತಕ್ಕೆ ಇದು?” ಎಂದು ಕೇಳಿದಳು.

“ತೋಟೆ ಹಾಳಾಗದ ಹಾಗೆ” ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಇಂಗ್ಲಿಷ್ ಮೀಡಿಯಮ್ಮಿನ ಹುಡುಗಿ, ತೋಟ ಎಂದು ಕೇಳಿಸಿಕೊಂಡಳು. “ಗಾರ್ಡನ್ನಾ? ನಮಗೆ ಗಾರ್ಡನ್ ಎಲ್ಲುಂಟು?” ಎಂದು ಬಾಲ್ಕನಿಯ ಎರಡು ಮೆಣಸಿನ ಗಿಡಗಳ ಕಡೆ ನೋಡಿದಳು. ತೋಟೆ ಎಂದರೆ ಕೋವಿಗೆ ತುಂಬುವ ಕಾಡತೂಸು ಎಂದು ಬಿಡಿಸಿ ಹೇಳಿದೆ. ಅವಳು ಬಾಟಲಿಯನ್ನು ಬಹಳ ಮೆಲ್ಲಗೆ ಕೆಳಗಿಟ್ಟಳು.

ನೀವೂ ಗಾಬರಿಯಾಗಬೇಡಿ. ನಾನು ದೋಹಾದಲ್ಲಿ ಆರು ವರ್ಷ ಬೇಟೆ ಸಾಮಾನಿನ ಅಂಗಡಿಯೊಂದರಲ್ಲಿ ಗುಮಾಸ್ತಳಾಗಿದ್ದವಳು, ಅಷ್ಟೇ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿದ್ದ ಕಾಲ. ಊರಿಡೀ ಅಗೆದು ಹಾಕಿದ್ದರು. ಇವತ್ತು ಹೋದ ರಸ್ತೆ ನಾಳೆ ಅಲ್ಲಿರುತ್ತಿರಲಿಲ್ಲ. ಇವತ್ತು ದೊಡ್ಡ ಪಟ್ಟಣವಾಗಿರುವ ಲುಸೈಲ್ ಎಂದರೆ ಆಗ ಬರೀ ಮರಳು. ಗಂಡನಿಗೆ ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪಿನಲ್ಲಿ ಸ್ಟೋರ್ ಕೀಪರ್ ಕೆಲಸ. ನಾನು ಟೈಪಿಂಗ್ ಸರ್ಟಿಫಿಕೇಟ್ ಹಿಡಿದುಕೊಂಡು ಶಾಲೆ, ಆಸ್ಪತ್ರೆ, ಟ್ರಾವೆಲ್ ಏಜೆನ್ಸಿ ಎಂದು ಸುತ್ತಿ, ಕೊನೆಗೆ ಹಳೆಯ ಪೇಟೆಯ ಹತ್ತಿರದ ಈ ಅಂಗಡಿಯ ಮುಂದೆ ಬಂದು ನಿಂತಿದ್ದೆ. ಒಳಗೆ ಟೆಂಟು, ದುರ್ಬೀನು, ಗಿಡುಗನ ತಲೆಗೆ ಹಾಕುವ ಚರ್ಮದ ಪುಟಾಣಿ ಟೊಪ್ಪಿ, ಮರುಭೂಮಿಯಲ್ಲಿ ಕಾಫಿ ಕಾಯಿಸುವ ಕೆಟಲ್. ಹಿಂದಿನ ಗೋಡೆಗೆ ಕಬ್ಬಿಣದ ಜಾಲರಿಯ ಬಾಗಿಲಿದ್ದ ದೊಡ್ಡ ಕಪಾಟು. ಅದರಲ್ಲಿ ಲೈಸೆನ್ಸ್ ಇದ್ದವರಿಗೆ ಮಾತ್ರ ಕೊಡುವ ತೋಟೆಯ ಪೆಟ್ಟಿಗೆಗಳು.

ಅಂಗಡಿ ನಡೆಸುತ್ತಿದ್ದವರು ಮಂಗಳೂರಿನಾಚೆಯ ಉಪ್ಪಳದ ಹಮೀದಾಕ, ಅಂದರೆ ಹಮೀದಣ್ಣ. ಮಾಲಿಕ ಕತಾರಿ, ತಿಂಗಳಿಗೊಮ್ಮೆ ಬಂದು ಚಹಾ ಕುಡಿದು ಹೋಗುವವನು. ಹಮೀದಾಕ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಟೈಪಿಂಗ್ ಬರ್ತದೆ, ಸರಿ. ಕೋವಿ, ತೋಟೆ ಎಲ್ಲ ಕಂಡ್ರೆ ಹೆದರಿಕೆ ಉಂಟಾ ಬಾಯಿ?” ಎಂದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದು ಕರೆಯುವುದು ಮರ್ಯಾದೆ.

“ಎಂತ ಹೆದರಿಕೆ ಹಮೀದಾಕ, ನಮ್ಮ ಮನೆಯಲ್ಲೇ ಇತ್ತು. ಕೋವಿ ಪಪ್ಪಂದು, ತೋಟೆ ಮಾಯ್‌ದು.”

ಅವರು ಜೋರಾಗಿ ನಕ್ಕರು. ಆ ನಗುವೇ ನನ್ನ ಅಪಾಯಿಂಟ್‌ಮೆಂಟ್ ಆರ್ಡರ್.

ನಾನು ತಮಾಷೆಗೆ ಹೇಳಿದ್ದಲ್ಲ. ನಮ್ಮದು ಮೂಡುಬಿದಿರೆಯ ಆಚೆಯ ಗದ್ದೆಮನೆ, ಮನೆಮಾತು ಕೊಂಕಣಿ. ಮಾಯ್ ಎಂದರೆ ಅಮ್ಮ. ಭತ್ತ ತೆನೆಗಟ್ಟುವ ಹೊತ್ತಿಗೆ ಕಾಡುಹಂದಿ ಬರುತ್ತಿತ್ತೆಂದು ಪಪ್ಪನಿಗೆ ಬೆಳೆ ರಕ್ಷಣೆಯ ಲೈಸೆನ್ಸೂ ಒಂದು ತೋಟೆಕೋವಿಯೂ ಇದ್ದವು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ‘ಕೋವಿ ವೋಟಿಗೆ ಹೋಗಿದೆ’ ಎಂದು ನಾವು ಮಕ್ಕಳು ಹೇಳುತ್ತಿದ್ದೆವು. ತೋಟೆ ತರಲು ಪಪ್ಪ ಮಂಗಳೂರಿಗೆ ಹೋಗುತ್ತಿದ್ದರು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವನು ಎಷ್ಟು ಹೊಗಳಿದರೂ ಪಪ್ಪ ಆ ವರ್ಷಕ್ಕೆ ಬೇಕಾದಷ್ಟೇ ಕೊಂಡರು. ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಎಲ್ಲರೂ ಚೀಲ ಒಟ್ಟುತ್ತಿದ್ದರು. ಕಂಡಕ್ಟರು, ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಕರೆಯುವ ಹಾಗೆ, “ನಿಮ್ಮದನ್ನೂ ಇಡಿ ಪೊರ್ಬುಗಳೇ” ಎಂದು ಮೂರು ಸಲ ಹೇಳಿದ. ಪಪ್ಪ ಕೇಳಿಸದವರ ಹಾಗೆ ಚೀಲವನ್ನು ಎದೆಗವುಚಿಕೊಂಡು ಒಂದೂವರೆ ಗಂಟೆ ನಿಂತೇ ಬಂದರು. ಇಂಜಿನ್ ಪೆಟ್ಟಿಗೆ ಕಾದ ಬಾಣಲೆಯ ಹಾಗೆ ಬಿಸಿ ಎಂದು ಆಮೇಲೆ ಮುಟ್ಟಿ ನೋಡಿ ತಿಳಿದುಕೊಂಡೆ. ಚೀಲದಲ್ಲಿ ಏನಿದೆ ಎಂದು ಆ ಬಸ್ಸಿನಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು ಎಂಬುದು ನನಗೆ ದೊಡ್ಡ ಹೆಮ್ಮೆಯಾಗಿತ್ತು.

ಇಷ್ಟೆಲ್ಲ ಜಾಗ್ರತೆಯ ಪಪ್ಪನೇ ಮುಂದೆ ಒಂದು ಮಹಾ ಪೆದ್ದುತನ ಮಾಡಿದರು. ಆ ಕಾಲದ ತೋಟೆಯ ಮೈ ದಪ್ಪ ಕಾಗದದ್ದು, ಕೆಂಪು ಬಣ್ಣ, ಬುಡಕ್ಕೆ ಹಿತ್ತಾಳೆ. ನಮ್ಮ ಮಳೆಗಾಲಕ್ಕೆ ಹಪ್ಪಳವೇ ಮೆತ್ತಗಾಗುವಾಗ ಕಾಗದ ಸುಮ್ಮನಿದ್ದೀತೇ? ಒಂದು ಮುಸ್ಸಂಜೆ ಹಂದಿ ಗದ್ದೆಗಿಳಿದಿದೆ, ಪಪ್ಪ ಬದುವಿನ ಮೇಲೆ ನಿಂತು ಹೆಬ್ಬೆರಳಿನಿಂದ ಒತ್ತುತ್ತಾರೆ, ಉಬ್ಬಿದ ತೋಟೆ ನಳಿಗೆಯೊಳಗೆ ಹೋಗುವುದೇ ಇಲ್ಲ. ಹಂದಿ ಹೊಟ್ಟೆ ತುಂಬ ತಿಂದು, ಒಮ್ಮೆ ತಿರುಗಿ ನೋಡಿ ಹೋಯಿತಂತೆ. ಮರುದಿನ ಪಪ್ಪ ಯಾರಿಗೂ ಹೇಳದೆ ಅಷ್ಟೂ ತೋಟೆಗಳನ್ನು ಒಯ್ದು, ಒಲೆಯ ಮೇಲೆ ತೂಗುಹಾಕಿದ ಬಿದಿರಿನ ತಟ್ಟಿಯಲ್ಲಿ ಒಣಮೀನಿನ ಜೊತೆ ಸಾಲಾಗಿ ಮಲಗಿಸಿದರು. ನಮ್ಮ ಕಡೆ ಮಳೆಗಾಲದಲ್ಲಿ ಒಣಗಬೇಕಾದದ್ದೆಲ್ಲ ಒಲೆಯ ಮೇಲೆಯೇ ಒಣಗಬೇಕು, ಅವರ ಬುದ್ಧಿ ಅಲ್ಲಿಗೇ ಓಡಿತು. ಮಾಯ್ ಚಟ್ನಿಗೆಂದು ಒಣಸಿಗಡಿ ತೆಗೆಯಲು ಕೈ ಎತ್ತಿದಾಗ ಕೈಗೆ ಬಂದದ್ದು ಕೆಂಪು ತೋಟೆ. ಕೆಳಗೆ ಒಲೆ ಉರಿಯುತ್ತಿತ್ತು.

ಮಾಯ್ ಕಿರುಚಲಿಲ್ಲ. ಮೊದಲು ಒಲೆಗೆ ನೀರು ಹೊಯ್ದರು, ಆಮೇಲೆ ನಮ್ಮನ್ನು ಅಂಗಳಕ್ಕೆ ಅಟ್ಟಿದರು, ಆಮೇಲೆ ಒಂದೊಂದಾಗಿ ತೆಗೆದು ಎಣಿಸಿ ಸೆರಗಿನಲ್ಲಿ ಹಾಕಿಕೊಂಡರು. ಉಬ್ಬಿದ್ದೆಲ್ಲ ಮಂಗಳೂರಿನ ಅಂಗಡಿಗೇ ವಾಪಸಾಯಿತು. ಅಂದಿನಿಂದ ತೋಟೆಯ ಯಜಮಾನಿಕೆ ಮಾಯ್‌ಗೆ. ತಗಡಿನ ಬಿಸ್ಕತ್ತಿನ ಡಬ್ಬಿ, ಅದರೊಳಗೆ ತೋಟೆಯ ಪೆಟ್ಟಿಗೆ, ಪಕ್ಕದಲ್ಲಿ ತೇವ ಹೀರಲು ಹುರಿದ ಅಕ್ಕಿಯ ಬಟ್ಟೆಗಂಟು. ಅಕ್ಕಿ ತಿಂಗಳಿಗೊಮ್ಮೆ ಬದಲಾಗಬೇಕು. ಹಳೆಯ ತೋಟೆ ಮೇಲೆ, ಹೊಸತು ಕೆಳಗೆ, ಹುಲ್ಲಿನ ಮುಡಿ ಕಟ್ಟಿಟ್ಟ ಅಕ್ಕಿಯಲ್ಲಿ ಮಾಡುವ ಹಾಗೆಯೇ. ಕೋವಿ ಪಪ್ಪನ ಕೋಣೆಯಲ್ಲಿ, ಡಬ್ಬಿ ಯೇಸುವಿನ ಪಟವಿಟ್ಟ ಆಲ್ತಾರಿನ ಕೆಳಗಿನ ಬೀಗದ ಖಾನೆಯಲ್ಲಿ, ಬೀಗದ ಕೀ ಮಾಯ್‌ಯ ಜಪಸರದ ಚೀಲದಲ್ಲಿ. ಪಪ್ಪನಿಗೆ ತೋಟೆ ಬೇಕೆಂದರೆ ಮಾಯ್ ಹತ್ತಿರ ಬಂದು ಕೇಳಬೇಕು. ಎಷ್ಟು, ಯಾಕೆ ಎಂದು ಹೇಳಬೇಕು. ವಾಪಸು ಬಂದಾಗ ತೋಟೆ ಇಲ್ಲವೇ ಖಾಲಿ ಚಿಪ್ಪು, ಎರಡರಲ್ಲೊಂದು ತೋರಿಸಬೇಕು. ಕಾಯಿದೆಯ ಪುಸ್ತಕ ಇದಕ್ಕೇನನ್ನುತ್ತದೋ ನಾನರಿಯೆ. ನಮ್ಮ ಮನೆಯಲ್ಲಿ ನಡೆದದ್ದು ಈ ಕಾಯಿದೆ.

ಇನ್ನು ಹಂದಿಯ ಕತೆ. ನನಗಾಗ ಹತ್ತು ವರ್ಷ. ಪಪ್ಪನಿಗೂ ಅವರ ತಮ್ಮ, ನಮ್ಮ ಬಾಪ್ಪುವಿಗೂ ಬೇಲಿಯ ವಿಷಯದಲ್ಲಿ ಜಗಳ ಕುದಿಯುತ್ತಿತ್ತು. ಒಂದು ದಿನ ಬಾಪ್ಪು ನಾಲ್ಕು ಜನರೆದುರು ಪಪ್ಪನಿಗೆ ಆಡಬಾರದ ಮಾತು ಆಡಿದರು. ಮಟಮಟ ಮಧ್ಯಾಹ್ನ. ಪಪ್ಪ ಒಳಗೆ ಬಂದರು. ತುಟಿ ಬೆಳ್ಳಗಾಗಿತ್ತು, ಕೈಯಲ್ಲಿ ಆಗಲೇ ಕೋವಿ ಇತ್ತು. ಮಾಯ್ ಮಸಾಲೆ ಕಡೆಯುತ್ತಿದ್ದರು.

“ಎರಡು ತೋಟೆ ಕೊಡು. ಗದ್ದೆಗೆ ಹಂದಿ ಬಂದಿದೆ.”

ಮಾಯ್ ತಲೆಯೆತ್ತಲಿಲ್ಲ. “ತೋಟೆ ಖಾಲಿ ಆಗಿದೆ” ಎಂದರು.

ನಾನು ಸತ್ಯಸಂಧೆ. ಹಿಂದಿನ ಭಾನುವಾರ ಅಕ್ಕಿಗಂಟು ಬದಲಾಯಿಸುವಾಗ ಎಣಿಸಿದವಳು ನಾನೇ. “ಇಲ್ಲ ಮಾಯ್, ನಾ...” ಎನ್ನುವಷ್ಟರಲ್ಲಿ ಮಸಾಲೆ ಮೆತ್ತಿದ ಕೈಯಿಂದಲೇ ಒಂದು ತೆಂಗಿನಕಾಯಿ ಚೂರು ನನ್ನ ಬಾಯಿಗೆ ತುರುಕಿದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಪಪ್ಪ ಅಲ್ಲೇ ನಿಂತಿದ್ದರು. ಮಾಯ್ ಮತ್ತೆ ಕಡೆಯತೊಡಗಿದರು. ಆಮೇಲೆ ಪಪ್ಪ ಒಳಗೆ ಹೋಗಿ ಕೋವಿಯನ್ನು ಗೂಟಕ್ಕೆ ಸಿಕ್ಕಿಸಿ ಬಂದು, ಮಣೆ ಎಳೆದು ಕುಳಿತು, “ಊಟ ಆಯ್ತಾ?” ಎಂದರು. ಮಾಯ್ ಕೈ ತೊಳೆದು ಬಂದು ಬಡಿಸಿದರು.

ಬಾಪ್ಪು ಚೆನ್ನಾಗಿ ಬಾಳಿದರು. ನನ್ನ ಮದುವೆಯ ಹಿಂದಿನ ದಿನ, ರೋಸಿನ ಶಾಸ್ತ್ರದಲ್ಲಿ, ತಲೆಗೆ ತೆಂಗಿನ ಹಾಲು ಸುರಿದವರಲ್ಲಿ ಎಲ್ಲರಿಗಿಂತ ಧಾರಾಳ ಅವರೇ. ನನಗೆ ಕಣ್ಣು ಬಿಡಲಾಗಲಿಲ್ಲ. ಪ್ರತಿ ಕ್ರಿಸ್ಮಸ್ಸಿಗೆ ಮಾಯ್ ಈ ಕತೆಯನ್ನು ಸೊಸೆಯಂದಿರಿಗೆ ಹೇಳುತ್ತಿದ್ದರು: “ಮಧ್ಯಾಹ್ನ ಯಾವ ಹಂದಿ ಬರ್ತದೆ? ಖಾಲಿ ಅಂದೆ, ಪಾಪ, ನಂಬಿದ್ರು. ಸಿಟ್ಟಲ್ಲಿ ಕೊಯ್ದ ಮೂಗು ಆಮೇಲೆ ಬರ್ತದಾ?” ಪಪ್ಪ ಪಕ್ಕದಲ್ಲಿ ಕುಳಿತು ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆಯಿಂದ ಚಕ್ಕುಲಿ ಮುರಿಯುತ್ತ ಸುಮ್ಮನೆ ನಗುತ್ತಿದ್ದರು.

ಇಷ್ಟು ವಿದ್ಯೆ ಹೊತ್ತುಕೊಂಡು ಹೋದ ನನಗೆ ಅಂಗಡಿಯಲ್ಲಿ ಕಲಿಯಲು ಬೇಕಾದಷ್ಟಿತ್ತು. ನನ್ನ ಕುತೂಹಲ ಹಮೀದಾಕನಿಗೆ ತಲೆನೋವು. ಹನ್ನೆರಡು ಬೋರಿನದು ದಪ್ಪ, ಇಪ್ಪತ್ತು ಬೋರಿನದು ಸಣ್ಣ ಯಾಕೆ ಎಂದು ಒಂದು ವಾರ ಪೀಡಿಸಿದೆ. “ಅದು ಬ್ರಿಟಿಷರ ಲೆಕ್ಕ ಮಾರಾಯ್ತಿ, ನನಗೂ ಉಲ್ಟಾ ಕಾಣ್ತದೆ. ನೀನು ಇಷ್ಟು ನೆನಪಿಡು: ಇಪ್ಪತ್ತರದ್ದು ಹಳದಿ. ಅದು ಹನ್ನೆರಡರ ನಳಿಗೆಗೆ ಹೋದ್ರೆ ಜಾರಿ ಒಳಗೆ ಸಿಕ್ಕಿಬೀಳ್ತದೆ. ಖಾಲಿ ಉಂಟು ಅಂತ ಹಿಂದಿನಿಂದ ಇನ್ನೊಂದು ಹಾಕಿ ಹೊಡೆದ್ರೆ ನಳಿಗೆಯೇ ಒಡೀತದೆ. ಹಳದಿ ಪೆಟ್ಟಿಗೆ ಕೆಂಪು ಪೆಟ್ಟಿಗೆಯ ನೆರೆಮನೆಯಲ್ಲೂ ಇರಬಾರದು” ಎಂದರು.

ಒಂದು ದಿನ, ಗಿರಾಕಿಗಳಿಗೆ ಕೊಡಲು ಒಂದು ಪುಟದ ಸೂಚನೆ ಟೈಪ್ ಮಾಡು, ಅರಬಿಗೆ ಬೇರೆಯವರು ತಿರುಗಿಸುತ್ತಾರೆ ಎಂದು ಹೇಳಿದರು. ಮಾಡಿದೆ. ಬೇಕಾದಷ್ಟೇ ಕೊಳ್ಳಿ. ತಂದ ಪೆಟ್ಟಿಗೆಯಲ್ಲೇ ಇಡಿ, ಬೇರೆ ಬೇರೆ ಬೋರಿನದು ಬೆರೆಸಬೇಡಿ. ತಂಪಾದ, ಒಣಗಿದ ಜಾಗ. ಕೋವಿಯಿಂದ ದೂರ, ಬೀಗದೊಳಗೆ, ಮಕ್ಕಳಿಗೆ ಸಿಗದ ಹಾಗೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟುಹೋಗಬೇಡಿ. ಇದನ್ನು ಬರೆಯುವಾಗ ಬಸ್ಸಿನಲ್ಲಿ ನಿಂತ ಪಪ್ಪ ಕಣ್ಣ ಮುಂದೆ ಬಂದರು. ಅದೇ ಗುಂಗಿನಲ್ಲಿ ಕೊನೆಗೆ ನನ್ನದೊಂದು ಸಾಲು ಸೇರಿಸಿದೆ: ‘ತೆಗೆಯುವ ಮೊದಲು ಮನೆಯಲ್ಲಿ ಒಬ್ಬರನ್ನು ಕೇಳಿ.’

ಹಮೀದಾಕ ಕನ್ನಡಕ ಸರಿಮಾಡಿಕೊಂಡು ಓದಿದರು. “ಇದು ಯಾವ ಕಂಪನಿಯ ರೂಲ್?”

“ನಮ್ಮ ಮಾಯ್ ಕಂಪನಿದು.”

“ಗಂಡಸರು ಯಾರಾದ್ರೂ ಕೇಳ್ತಾರಾ ಬಾಯಿ? ‘ಹೇಳಿ’ ಅಂತ ಹಾಕು, ಬೇಕಾದ್ರೆ.” ಹಾಗೆಂದರೂ ತಿದ್ದಲಿಲ್ಲ. ಹಾಗೆಯೇ ಅಚ್ಚಾಯಿತು.

ಆ ಸಾಲನ್ನು ಓದಿ ನಕ್ಕ ಗಿರಾಕಿ ಒಬ್ಬರೇ, ಬು ನಾಸರ್. ಅರವತ್ತು ದಾಟಿದ ಕತಾರಿ. ಚಿಕ್ಕಂದಿನಲ್ಲಿ ತಂದೆಯ ಜೊತೆ ಬೊಂಬಾಯಿಗೆ ಹೋಗಿ ಬಂದಿದ್ದರಿಂದ ಹಿಂದಿ ಗೊತ್ತು. ನನ್ನನ್ನು ‘ಮುದೀರಾ’, ಅಂದರೆ ಮ್ಯಾನೇಜರಮ್ಮ, ಎಂದು ಕೀಟಲೆ ಮಾಡುವವರು. ಚಳಿಗಾಲ ಬಂದರೆ ಎರಡು ಪೆಟ್ಟಿಗೆ ಕೊಂಡು ಮರುಭೂಮಿಗೆ ಹೋಗುತ್ತಿದ್ದರು. “ಇದನ್ನು ಯಾರು ಬರೆದದ್ದು? ನನ್ನ ಮನೆಯಲ್ಲಿ ಮೂವತ್ತು ವರ್ಷದಿಂದ ಕೀ ಉಮ್ ನಾಸರ್ ಕೈಯಲ್ಲೇ ಇದೆ” ಎಂದರು. ಉಮ್ ನಾಸರ್ ಅವರ ಹೆಂಡತಿ. ನನಗೆ ಆ ಹೆಂಗಸನ್ನು ನೋಡಬೇಕೆಂದು ಬಹಳ ಆಸೆಯಾಯಿತು. ಮಾರ್ಚಿನಲ್ಲಿ ಮತ್ತೆ ಬಂದಾಗ, ಈ ಸಲ ಒಂದು ಪೆಟ್ಟಿಗೆ ಒಡೆಯದೆ ಉಳಿಯಿತು, ಉಮ್ ನಾಸರ್ ಕೈಗೆ ಒಪ್ಪಿಸಿಬಿಟ್ಟೆ ಎಂದು ವರದಿ ಕೊಟ್ಟರು.

ಜೂನ್ ತಿಂಗಳ ಒಂದು ಮಧ್ಯಾಹ್ನ. ಹಮೀದಾಕ ನಮಾಜಿಗೆ ಹೋಗಿದ್ದರು. ಅವರು ಬಂದ ಮೇಲೆ ಅಂಗಡಿ ಮುಚ್ಚಿ ಊಟಕ್ಕೆ ಹೋಗುವ ಹೊತ್ತು. ಹೊರಗೆ ಬೆಂಕಿ ಬಿಸಿಲು, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಕಾರಿನ ಇಂಜಿನ್ ಆರಿಸದೆಯೇ ಬು ನಾಸರ್ ಒಳಗೆ ಬಂದರು. ಸಲಾಂ ಇಲ್ಲ, ಮುದೀರಾ ಇಲ್ಲ. ತಲೆವಸ್ತ್ರ ಒಂದು ಬದಿಗೆ ಜಾರಿತ್ತು. ಲೈಸೆನ್ಸಿನ ಕಾಗದವನ್ನು ಗಾಜಿನ ಮೇಲಿಟ್ಟರು, ಅದು ಜಾರಿ ಬಿತ್ತು. ಎತ್ತಿ ಮತ್ತೆ ಇಟ್ಟರು.

“ಒಂದು ಪೆಟ್ಟಿಗೆ. ಯಲ್ಲಾ, ಜಲ್ದಿ.”

ಕಪಾಟಿನ ಕೀ ನನ್ನ ಕೈಯಲ್ಲೇ ಇತ್ತು. ಜೂನಿನಲ್ಲಿ ಎಂತಹ ಬೇಟೆ? ಮನೆಯಲ್ಲಿ ಒಡೆಯದ ಪೆಟ್ಟಿಗೆ ಇರುವಾಗ ಇಲ್ಲಿಗೆ ಯಾಕೆ ಬಂದರು? ಉಮ್ ನಾಸರ್ ಬಳಿ ಕೇಳಲಿಲ್ಲವೇ? ಕೇಳಿರಬೇಕು, ಸಿಕ್ಕಿರಲಿಕ್ಕಿಲ್ಲ. ಇಷ್ಟು ಯೋಚಿಸುವಾಗ ಅವರ ತುಟಿ ನೋಡಿದೆ. ಬೆಳ್ಳಗಾಗಿತ್ತು. ನನಗೆ ಮಸಾಲೆಯ ಖಾರ ನಾಲಗೆಗೆ ಬಂದ ಹಾಗಾಯಿತು.

“ಖಲಾಸ್” ಎಂದೆ.

“ಖಲಾಸ್?”

“ಕುಲ್ಲು ಖಲಾಸ್. ಎಲ್ಲ ಮುಗಿದಿದೆ.”

ನನ್ನ ಬೆನ್ನ ಹಿಂದೆ ಜಾಲರಿಯ ಕಪಾಟಿನಲ್ಲಿ ಕೆಳಗಿನಿಂದ ಮೇಲಿನವರೆಗೆ ಪೆಟ್ಟಿಗೆಗಳು. ಮಾಯ್‌ಗಾದರೂ ಮುಚ್ಚಳವಿದ್ದ ಡಬ್ಬಿಯಿತ್ತು. ನನ್ನದು ತಲೆ ಮೇಲೆ ಬುಟ್ಟಿ ಹೊತ್ತುಕೊಂಡು ಮೀನಿಲ್ಲ ಎಂದ ಹಾಗೆ. ಬು ನಾಸರ್ ಕಪಾಟು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಪಾಟು ನೋಡಿದರು. ಲೈಸೆನ್ಸ್ ಇರುವ ಊರ ಯಜಮಾನನಿಗೆ ಪರದೇಶದ ಗುಮಾಸ್ತಳೊಬ್ಬಳು ಮುಖದ ಮೇಲೆಯೇ ಸುಳ್ಳು ಹೇಳಿದ್ದಾಳೆ. ಒಂದು ಫೋನ್ ಸಾಕು, ನನ್ನ ಕೆಲಸ ಹೋಗುತ್ತಿತ್ತು. ಆದರೂ ಕೀ ಹಿಡಿದ ಮುಷ್ಟಿಯನ್ನು ನಾನು ಬಿಚ್ಚಲಿಲ್ಲ.

ಅವರು ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು. ನೀರು ಕೊಟ್ಟೆ. ಕುಡಿದರು. ಇನ್ನೊಂದು ಲೋಟ ಕೊಟ್ಟೆ. ಅಷ್ಟರಲ್ಲಿ ಹಮೀದಾಕ ಬಂದರು. “ಬು ನಾಸರ್! ಏನು ಬೇಕಿತ್ತು?” ಎಂದು ಅರಬಿಯಲ್ಲಿ ವಿಚಾರಿಸಿದರು. ಈಗ ಮುಗಿಯಿತು ನನ್ನ ಕತೆ ಎಂದುಕೊಂಡೆ.

“ಮಾಫಿ,” ಎಂದರು ಬು ನಾಸರ್, ಏನೂ ಇಲ್ಲ. “ಮುದೀರಾ ಹೇಳ್ತಾಳೆ, ಖಲಾಸ್ ಅಂತೆ.”

ಹಮೀದಾಕ ತುಂಬಿದ ಕಪಾಟನ್ನು ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಬು ನಾಸರರ ತುಟಿ ನೋಡಿದರು. “ಹೌದು, ಖಲಾಸ್. ಕಂಟೇನರ್ ಇನ್ನೂ ಬಂದಿಲ್ಲ” ಎಂದರು. ಕಂಟೇನರ್ ಎಲ್ಲಿಂದ ಬಂತೋ ದೇವರೇ ಬಲ್ಲ. ಚಹಾ ತರಿಸಿದರು. ಮೂವರೂ ಆ ಕಪಾಟಿನ ಎದುರೇ ಕುಳಿತು, ಬಿಸಿಲಿನ ವಿಷಯ ಮಾತಾಡುತ್ತ ಚಹಾ ಕುಡಿದೆವು.

ಅವರು ಹೋದ ಮೇಲೆ ಹಮೀದಾಕ ನನ್ನ ಮೇಲೆ ಹರಿಹಾಯ್ದರು. “ಕಂಪ್ಲೇಂಟ್ ಹೋದ್ರೆ ನಾನೂ ನೀನೂ ಒಟ್ಟಿಗೇ ಊರಿಗೆ, ಗ್ಯಾರಂಟಿ. ಎಂತ ಆಗಿತ್ತು ನಿನಗೆ?”

“ಮಧ್ಯಾಹ್ನ ಹಂದಿ ಬರುವುದಿಲ್ಲ ಹಮೀದಾಕ.”

“ಅಸ್ತಗ್ಫಿರುಲ್ಲಾ! ಅದರ ಹೆಸರು ಅಂಗಡಿಯಲ್ಲಿ ಎತ್ತಬೇಡ!” ಎಂದು ಕಿವಿ ಮುಚ್ಚಿಕೊಂಡರು. ಕತೆ ಕೇಳಿದ ಮೇಲೆ, “ನಿನ್ನ ಅಮ್ಮನಿಗೆ ನನ್ನ ಸಲಾಂ ಹೇಳು” ಎಂದರು.

ಆ ಬೇಸಿಗೆಯಿಡೀ ಫೋನ್ ರಿಂಗಾದಾಗಲೆಲ್ಲ ಹಮೀದಾಕನ ಮುಖ ನೋಡುತ್ತಿದ್ದೆ. ಏನೂ ಆಗಲಿಲ್ಲ. ನವೆಂಬರಿನಲ್ಲಿ ಬು ನಾಸರ್ ಬಂದರು, ಸಲಾಂ ಹೇಳಿದರು, ಖರ್ಜೂರದ ಡಬ್ಬಿಯೊಂದನ್ನು ಗಾಜಿನ ಮೇಲಿಟ್ಟು, “ಮುದೀರಾಗೆ. ಉಮ್ ನಾಸರ್ ಕಳಿಸಿದ್ದು” ಎಂದರು. ಆಮೇಲೆ ಕಪಾಟಿನ ಕಡೆ ಕಣ್ಣು ಹಾಯಿಸಿ, “ಕಂಟೇನರ್ ಬಂತಾ?” ಎಂದು ಕೇಳಿದರು. ಆ ಜೂನಿನಲ್ಲಿ ಅವರ ಸಿಟ್ಟು ಯಾರ ಮೇಲಿತ್ತು, ಸಿಟ್ಟೇ ಹೌದೋ ಅಲ್ಲವೋ, ನಾನು ಕೇಳಲಿಲ್ಲ. ಇಂದಿಗೂ ಗೊತ್ತಿಲ್ಲ. ತಿಳಿಯದೆ ಉಳಿದ ಸಂಗತಿಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ.

ಖರ್ಜೂರ ಬಂದ ವಾರದ ಶುಕ್ರವಾರ ಫೋನ್ ಕಾರ್ಡ್ ಗೀಚಿ ಊರಿಗೆ ಫೋನ್ ಮಾಡಿದೆ. ಪಪ್ಪ ಎತ್ತಿದರು. ಮಾಯ್ ಒಳಗೆಲ್ಲೋ ಇದ್ದರು. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಪಪ್ಪ ನಗುತ್ತಾರೆಂದುಕೊಂಡಿದ್ದೆ.

“ಕಪಾಟು ತುಂಬಾ ಇತ್ತು ಅಂದಿಯಲ್ಲ?” ಎಂದರು.

“ತುಂಬಾ.”

“ಅವನಿಗೆ ಕಾಣ್ತಿತ್ತಾ?”

“ಕಾಣದೆ ಎಂತ ಪಪ್ಪ, ಕಣ್ಣೆದುರೇ ಇತ್ತು.”

ಲೈನ್ ಹೋಯಿತೇನೋ ಎಂದು ಹಲೋ ಹಲೋ ಎಂದೆ.

“ಆ ದಿನ ಡಬ್ಬಿಯಲ್ಲಿ ನಾಲ್ಕಿತ್ತು” ಎಂದರು ಪಪ್ಪ.

“ಯಾವ ದಿನ, ಹಂದಿಯ ದಿನವಾ?” ಎಂದೆ.

“ಮಂಗಳೂರಿಂದ ತಂದದ್ದು ಹತ್ತು. ಆರು ಹೊಡೆದದ್ದು ನಾನೇ. ನನಗೆ ಗೊತ್ತಿರುವುದಿಲ್ವಾ? ಇಲ್ಲ ಅಂದಳು. ಅಬ್ಬ, ಇಲ್ಲ ಅಂದಳಲ್ಲ ಅಂತ ಕೂತ್ಕೊಂಡೆ.”

ಹಿಂದಿನಿಂದ ಮಾಯ್‌ಯ ದನಿ ಕೇಳಿಸಿತು: “ಯಾರದು ಫೋನು? ಎಂತ ನಾಲ್ಕು?”

“ಎಂತ ಇಲ್ಲ,” ಪಪ್ಪ ಫೋನಿನಿಂದ ಬಾಯಿ ಆಚೆ ತಿರುಗಿಸಿ ಹೇಳಿದರು, “ಖಾಲಿ ಆದದ್ದರ ಮಾತು.”